ಈಜುಗಾರ

ರಾತ್ರಿಯೆಲ್ಲ ಓದುತ್ತದೆ ಅದು. ಬೆಳಿಗ್ಗೆ ಎಂಟಕ್ಕೆ
ಪಿಟ್ಸ್‌ಬರ್ಗಿನ ಈ ಮೂರನೇ ಮಹಡಿಯಲ್ಲಿ
ಕೋಟು ಕಳಚಿ, ಕಾಫಿ ಬಗ್ಗಿಸಿಕೊಂಡು ಕೂರುತ್ತೇನೆ.
ಅದು ಪಾಠ ಒಪ್ಪಿಸುತ್ತದೆ.

ಸೀಸ ಒಂದು ಲೋಹ. ನಂಬಿಕೆ: ನೂರಕ್ಕೆ ತೊಂಬತ್ತೊಂಬತ್ತು.
ಸರಿ.
ಲಿಮಾ ಒಂದು ರಾಜಧಾನಿ. ಸರಿ.
ಸೋಮವಾರ ಒಂದು ಕಾಯಿಲೆ. ನಂಬಿಕೆ: ಅರವತ್ತೆರಡು.
ಅದಕ್ಕೆ ಮದ್ದಿಲ್ಲವೆಂದು ಎಷ್ಟು ಜನ ಗೊಣಗಿದ್ದರೋ!
ನಕ್ಕು, ತಪ್ಪು ಒತ್ತುತ್ತೇನೆ.
ಅವಶ್ಯಕತೆ ಒಬ್ಬ ಹೆಂಗಸು, ಮಗಳ ಹೆಸರು ಶೋಧ.
ತಪ್ಪು. ಒತ್ತುವ ಮುಂಚೆ ಒಂದು ಗಳಿಗೆ
ಆ ತಾಯಿ ಮಗಳ ಅಡಿಗೆಮನೆ ಕಣ್ಣಿಗೆ ಕಟ್ಟುತ್ತದೆ.

ಎರಡೇ ಗುಂಡಿ ನನಗೆ.
ಮೊದಲ ದಿನ ಪೆನ್ಸಿಲು ಕಚ್ಚುತ್ತ ಟಬಿತಾ ಹೇಳಿದ್ದಳು:
"ಅದಕ್ಕೆ ಅರ್ಥ ಗೊತ್ತಿಲ್ಲ, ಅಕ್ಕಪಕ್ಕ ಗೊತ್ತು.
ಯಾವ ಮಾತಿನ ಮಗ್ಗುಲಿಗೆ ಯಾವ ಮಾತು ಕೂತಿದೆ, ಅಷ್ಟೆ.
ನೀವು ಒಂದಕ್ಕೆ ಹೂಂ ಅಂದರೆ
ಅಂಥ ನೂರಕ್ಕೆ ತಾನೇ ಹೂಂಗುಟ್ಟುತ್ತದೆ."
ನಾನೂ ಹಾಗೇ ಕಲಿತವಳು ಅಂದೆ. ಅಜ್ಜಿಯ ಸ್ಲೊವಾಕ್ ನನಗೆ ಬಂದದ್ದು
ಬ್ರೆಡ್ಡಿನ ಮಗ್ಗುಲಿಗೆ ಕೂತ ಬೈಗುಳದಿಂದ.

ಮಾರ್ಚಿಯ ಒಂದು ಮಂಗಳವಾರ, ಇನ್ನೂರ ಹದಿನಾಲ್ಕನೇ ಸಾಲು:
ಮಿಲೋಷ್ ಹುದಾಕ್ ಒಬ್ಬ ಈಜುಗಾರ. ನಂಬಿಕೆ: ಎಪ್ಪತ್ತೊಂದು.
ಆಧಾರ: ಹಳೆಯ ಪತ್ರಿಕೆಯ ಪುಟ, ಒಂದು.

ಆ ಪುಟ ನನಗೆ ಬಾಯಿಪಾಠ. ನಾಲ್ಕೇ ಸಾಲು.
ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ, ನವೆಂಬರು,
ಸೇತುವೆಯ ಕಂಬಿಯ ಮೇಲೆ ಮಡಿಸಿಟ್ಟ ಜಾಕೆಟ್ಟು.
ಹೆಸರಿನ ಪಕ್ಕ ನದಿ, ನದಿಯ ಪಕ್ಕ ಇಪ್ಪತ್ತಾರು ವಯಸ್ಸು.
ಅದಕ್ಕೆ ಕಂಡದ್ದು ಇಷ್ಟು: ನನ್ನ ಅಣ್ಣ, ನೀರು,
ನಡುವೆ ಒಂದು ಕ್ರಿಯಾಪದ.

ಈಜುತ್ತಿದ್ದ, ನಿಜ. ಹನ್ನೊಂದನೇ ವಯಸ್ಸಿಗೆ
ಕಲ್ಲಿದ್ದಲ ದೋಣಿಗಳು ಎಬ್ಬಿಸಿದ ಅಲೆ ಸೀಳಿ ಆಚೆ ದಡ ಮುಟ್ಟಿ
ಅಲ್ಲಿಂದ ಕೈಯೆತ್ತಿ ನನ್ನನ್ನು ಅಣಕಿಸಿದ್ದ.
ಅದಕ್ಕೆ ಪುಟವಿಲ್ಲ. ನಾನೊಬ್ಬಳೇ.

ಕಾಫಿ ಆರಿತು. ಮೂರನೇ ಗುಂಡಿ ಇರಲಿಲ್ಲ.
ಸರಿ ಒತ್ತಿದೆ.

ಮರುದಿನ ತೆರೆದರೆ ಒಂಬತ್ತು ಮಂದಿ ಹೊಸ ಈಜುಗಾರರು,
ಎಲ್ಲ ಪತ್ರಿಕೆಯ ಅದೇ ಮೂಲೆಯಿಂದ ಎದ್ದು ಬಂದವರು.
ರೋಸಾಲಿ ಟ್ರೆಂಟ್, ಹತ್ತೊಂಬತ್ತು ವರ್ಷ.
ಹೆಪ್ಪುಗಟ್ಟಿದ ಕೆರೆ ಬಿರಿದಾಗ ಮೇಲಿದ್ದ ಇಬ್ಬರು ಹುಡುಗರು.
ಗುರುತು ಸಿಗದ ಗಂಡಸು ಅನ್ನುವವನು ಕೂಡ ಈಜುಗಾರ,
ನಂಬಿಕೆ: ಎಂಬತ್ತನಾಲ್ಕು.
ನನ್ನ ಒಂದು ಹೂಂ ಹಿಡಿದುಕೊಂಡು
ಅಷ್ಟೂ ಜನ ಆ ತಣ್ಣನೆ ನೀರಲ್ಲಿ ಕೈ ಬಡಿಯುತ್ತಿದ್ದರು.

ತಪ್ಪು ಒತ್ತಿದೆ. ತಪ್ಪು. ತಪ್ಪು.
ಒಂಬತ್ತು ಸಲ. ಸಲಕ್ಕೊಂದು ತಲೆ ಮುಳುಗಿತು.
ಕೊನೆಗೆ ಮಿಲೋಷ್. ನಂಬಿಕೆ ಈಗ ನಲವತ್ತಕ್ಕೆ ಇಳಿದಿತ್ತು,
ಇನ್ನೊಮ್ಮೆ ಕೇಳುತ್ತಿತ್ತು.

ಊಟಕ್ಕೆ ಬರ್ತೀರಾ, ಟಬಿತಾ ಬಾಗಿಲಲ್ಲಿ.
ಇದೊಂದು ನೋಡಿ ಬರ್ತೀನಿ ಅಂದೆ.
ಕಿಟಕಿಯಾಚೆ ಕಲ್ಲಿದ್ದಲ ದೋಣಿಯೊಂದು
ಸೇತುವೆಯ ಕೆಳಗೆ ನುಗ್ಗಿ, ಆ ಕಡೆ ಹೊರಬರುವ ತನಕ
ಗುಂಡಿಗಳ ಮೇಲಿಂದ ಕೈ ತೆಗೆದಿಟ್ಟುಕೊಂಡೆ.