ಓದದವು ಇನ್ನೂರ ಹನ್ನೆರಡು

ಚಕಾವೊ ಕಾಲುವೆ ದಾಟಲು ಅರ್ಧ ಗಂಟೆ.
ಫೆರಿಗೆ ಲಾರಿ ಹತ್ತಿಸಿ, ಬಸ್ಸು ಹತ್ತಿಸಿ,
ಸಂದಿಯಲ್ಲಿ ನುಸುಳಿ ಟಿಕೆಟ್ಟು ಹರಿದು ಮುಗಿಸಿದರೆ
ನನಗೆ ಉಳಿಯುವುದು ಒಂಬತ್ತು ನಿಮಿಷ.
ಈ ದಡದ ಸಿಗ್ನಲ್ ಸತ್ತು
ಆ ದಡದ್ದು ಹುಟ್ಟುವ ನಡುವೆ
ಫೋನಿನಲ್ಲಿ ಏನು ಇಳಿದಿದೆಯೋ ಅದೇ ಊಟ.

ಅದಕ್ಕೇ ಫೀಡು.
ಇಂಜಿನ್ ಕೋಣೆಯ ಬೆಲಾರ್ಮಿನೊ ಕಲಿಸಿಕೊಟ್ಟ,
ಎಣ್ಣೆಗೈಯಲ್ಲೇ, ಪರದೆಯ ಮೇಲೆ ಹೆಬ್ಬೆಟ್ಟು ಒತ್ತಿ:
"ಹತ್ತು ಮನೆಗೆ ಹೋಗಿ ಬಾಗಿಲು ಬಡಿಯುವುದೇಕೆ?
ಅವರು ಬರೆದ ದಿನ ಅದೇ ಬಂದು ಕೂರುತ್ತದೆ.
ಜಾಹೀರಾತಿಲ್ಲ,
ಇದನ್ನು ಓದಿದವರು ಅದನ್ನೂ ಓದಿದರೆಂಬ ಚಾಡಿಯಿಲ್ಲ.
ಸರತಿಯಲ್ಲಿ ನಿಂತ ಲಾರಿಗಳ ಹಾಗೆ,
ಮೊದಲು ಬಂದದ್ದು ಮೊದಲು."

ಏಳೇ ಏಳು ಇಟ್ಟುಕೊಂಡಿದ್ದೇನೆ.
ಕೆಮ್ಚಿಯ ನೋಲ್ಫಾ, ಆಲೂಗೆಡ್ಡೆಯ ಹುಚ್ಚಿ,
ಒಳಗೂ ನೇರಳೆಯಾದದ್ದು, ಬೆರಳು ಮಡಚಿದಂಥದ್ದು,
ಒಂದೊಂದಕ್ಕೂ ಜಾತಕ ಬರೆಯುತ್ತಾಳೆ.
ಮರದ ಚರ್ಚುಗಳ ಮಾಡಿಗೆ ಹಲಗೆ ಸೀಳುವವನೊಬ್ಬ,
ತಿಂಗಳಿಗೆ ನಾಲ್ಕೇ ಸಾಲು, ಅದರಲ್ಲಿ ಎರಡು ಬೈಗುಳ.
ನೌಕಾಪಡೆಯ ಹವಾಮಾನ, ಅದಕ್ಕೆ ರಜೆಯಿಲ್ಲ.
ನಾರ್ವೆಯ ಕಡೆ ಒಬ್ಬಾಕೆ, ನನ್ನ ಹಾಗೇ ದೋಣಿಯವಳು;
ಅನುವಾದದ ಯಂತ್ರ ವಾರವಾರವೂ ಅವಳನ್ನು ಕೊಲ್ಲುತ್ತದೆ,
ಆದರೂ ನಗು ಹೇಗೋ ದಾಟಿ ಬರುತ್ತದೆ.
ಇನ್ನೆರಡು ಯಾವುವೆಂದು ಹೇಳಲಾರೆ.

ಏಳನೆಯದು ಆಂಕುದ್ ಊರಿನ ಎಲೆಯಾಸರ್ ಮನ್ಸಿಯ.
ಮನೆಯ ಹಿಂದಿನ ಕಂಬಕ್ಕೆ ಗೀಟು ಹಾಕಿ
ಉಬ್ಬರ ಅಳೆಯುವವನು.
"ಇವತ್ತು ಐದು ಗೀಟು. ನಾಯಿಯ ಬಟ್ಟಲು ತೇಲಿತು."
ಅಷ್ಟೇ. ಅಷ್ಟಕ್ಕೇ ಕಾಯುತ್ತಿದ್ದೆ.

ಹದಿನಾಲ್ಕು ತಿಂಗಳಿಂದ ಅವನ ಹೆಸರಿನ ಮುಂದೆ ಅಂಕಿಯಿಲ್ಲ.
ಫೀಡಿಗೆ ಸಾವು ಗೊತ್ತಾಗುವುದಿಲ್ಲ.
ಗಂಟೆಗೊಮ್ಮೆ ಹೋಗಿ ಕೇಳುತ್ತದೆ, ಏನಾದರೂ ಉಂಟೇ?
ಇಲ್ಲ ಅನ್ನಿಸಿಕೊಂಡು ಬರುತ್ತದೆ,
ಮುಖ ಸಣ್ಣ ಮಾಡಿಕೊಳ್ಳದೆ ಮತ್ತೆ ಹೋಗುತ್ತದೆ.
"ಎದುವಿನಾ, ಅಳಿಸಿಬಿಡು," ಎಂದ ಬೆಲಾರ್ಮಿನೊ.
ಫೋನು ನನ್ನದು, ಜಾಗ ನನ್ನದು, ನಿನ್ನ ಗಂಟೇನು ಹೋಯಿತು ಎಂದೆ.

ಮಂಗಳವಾರ ಬೆಳಿಗ್ಗೆ, ಮಂಜಿಗೆ ದೋಣಿಗಳೆಲ್ಲ ನಿಂತಾಗ,
ಆ ಹೆಸರು ದಪ್ಪಗೆ ಕಪ್ಪಾಗಿತ್ತು.
ಓದದವು: ಇನ್ನೂರ ಹನ್ನೆರಡು.
ಎದೆ ಧಸಕ್ಕೆಂದಿತು.

ಅವನಲ್ಲ. ಮಗಳು.
ಅಪ್ಪ ಹೋದ ಮೇಲೆ ಬಾಡಿಗೆ ಕಟ್ಟಲಾರದೆ
ಅವನ ತಾಣವನ್ನು ಬೇರೆ ಕಡೆಗೆ ಸಾಗಿಸಿದಳಂತೆ.
ಮನೆ ಬದಲಿಸುವಾಗ ಅಟ್ಟದ ಪೆಟ್ಟಿಗೆ ಬಿಚ್ಚಿಕೊಂಡ ಹಾಗೆ
ಒಂಬತ್ತು ವರ್ಷದ ನೀರೆಲ್ಲ ಒಟ್ಟಿಗೆ
ಈಗಷ್ಟೇ ಏರಿದಂತೆ ನನ್ನ ಅಂಗೈಗೆ ನುಗ್ಗಿತ್ತು.
ವಿಳಾಸ ಬದಲಾದರೆ ಯಂತ್ರಕ್ಕೆ ಹಳೆಯದೂ ಹೊಸದೇ.

ನಾನು ಸೇರಿಕೊಂಡಾಗ ಕೊನೆಯ ಹತ್ತನ್ನಷ್ಟೇ ಕೊಟ್ಟಿತ್ತು.
ಈಗ ಬುಡದಿಂದ ಶುರು ಮಾಡಿದೆ.
ಕಂಬಕ್ಕೆ ಆಗಿನ್ನೂ ಮೂರೇ ಗೀಟು,
ನಾಯಿಯೇ ಇರಲಿಲ್ಲ.
ಮೂರು ಗಂಟೆಯ ಮಂಜು. ಚಾಲಕರು ಇಳಿದು ಸಿಗರೇಟು ಹಚ್ಚಿದರು.
ನೂರ ನಲವತ್ತನೆಯದು, ಜುಲೈ:

"ಅಳೆಯಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಆಚೆ ದಡಕ್ಕೆ ಹೋಗಿದ್ದೆ.
ದೋಣಿಯ ಟಿಕೆಟ್ಟಿನ ಹೆಂಗಸು, ಹಸಿರು ಟೋಪಿ,
ಕೆಮ್ಮುತ್ತ ಕೆಮ್ಮುತ್ತ ಚಿಲ್ಲರೆ ಎಣಿಸಿದಳು.
ಐನೂರು ಪೆಸೊ ಹೆಚ್ಚು ಕೊಟ್ಟಿದ್ದಾಳೆ, ಮನೆಗೆ ಬಂದು ನೋಡಿದೆ.
ಮುಂದಿನ ಸಲ ಕೊಡಬೇಕು."

ಹಸಿರು ಟೋಪಿ ನನ್ನದೇ.
ಮುಖ ನೆನಪಿಸಿಕೊಳ್ಳಲು ನೋಡಿದೆ: ದವಡೆ ಊದಿದ ಗಂಡಸು.
ಜುಲೈಯಲ್ಲಿ ಎಷ್ಟು ದವಡೆ ಊದುವುದಿಲ್ಲ!
ಆ ಕೆಮ್ಮೂ ನೆನಪಿಲ್ಲ.
ಒಂದು ರಾತ್ರಿ ಲೆಕ್ಕಕ್ಕೆ ಐನೂರು ಕಡಿಮೆ ಬಂದು
ಮೇಲ್ವಿಚಾರಕನ ಎದುರು ನನ್ನ ಜೇಬಿನಿಂದ ತುಂಬಿದ್ದು,
ಮನೆಗೆ ಹೋಗುವ ದಾರಿಯುದ್ದಕ್ಕೂ
ಯಾವನಿಗೋ ಹಿಡಿಶಾಪ ಹಾಕಿದ್ದು,
ಅದು ನೆನಪಿದೆ.

ಮಂಜು ಹರಿಯಿತು, ಹಾರ್ನು ಕೂಗಿತು.
ಮೊದಲ ಲಾರಿ ಹತ್ತುತ್ತಿದೆ.
ಇನ್ನೂ ಎಪ್ಪತ್ತೆರಡು ಬಾಕಿ.