ಬಾರೋ, ಏಣಿ

ಬೇಲಿಯಾಚೆಗೆ ಕೂಗಿದಳಂತೆ ಬೊಗುಮಿಲಾ:
"ಮಿಸ್ಟರ್ ಪಾಸ್ಕ್, ನಿಮ್ಮ ಏಣಿ ನನಗೆ ಬಾರೋ ಮಾಡಿ!"
ಎಂಬತ್ತೊಂದರ ಮುದುಕ ಟೀ ಕಪ್ಪು ಕೆಳಗಿಟ್ಟು
ನಿಧಾನ ಎದ್ದು ಬಂದು ಹೇಳಿದ್ದು ಇಷ್ಟು:
"ಬಾರೋ ಮಾಡುವವಳು ನೀನು, ತಾಯಿ.
ಲೆಂಡ್ ಮಾಡುವವನು ನಾನು.
ಮಾಡಿದರೆ."
ಆ "ಮಾಡಿದರೆ" ಅವಳಿಗೆ ಅರ್ಥವಾಗಲಿಲ್ಲ.
ಏಣಿ ಹಿಡಿದು ಎಳೆದುಕೊಂಡಳು.

ಬಾಸ್ಟನ್ ಅಂದರೆ ಅಮೆರಿಕದ್ದಲ್ಲ, ಲಿಂಕನ್‌ಶೈರಿನದು.
ಎಲೆಕೋಸಿನ ಹೊಲ, ದೋಸೆಕಲ್ಲಿನಂಥ ನೆಲ,
ಚರ್ಚಿನ ಗೋಪುರ ಬಿಟ್ಟರೆ
ಎತ್ತರ ಬೇಕಾದವರು ಏಣಿಯನ್ನೇ ಹುಡುಕಬೇಕಾದ ಊರು.
ಗುರುವಾರ ಸಂಜೆ ಏಳಕ್ಕೆ, ಮೆಥಡಿಸ್ಟ್ ಹಾಲಿನಲ್ಲಿ
ಪಾಠ ಹೇಳುವವನು ನಾನು.
ಕೋಸು ಕೊಯ್ದು ಬಂದ ಹನ್ನೆರಡು ಜೊತೆ ಕೈ
ಬೆಂಚಿನ ಮೇಲೆ, ಇನ್ನೂ ತಣ್ಣಗೆ.

ಅರ್ಧಕ್ಕರ್ಧ ಪೋಲಿಷರು. ಅವರ ಮನೆಮಾತಲ್ಲಿ
ಎರಡಕ್ಕೂ ಒಂದೇ ಪದ ಸಾಕು;
ಹೋಯಿತೋ ಬಂತೋ, ಸಂದರ್ಭ ನೋಡಿಕೊಳ್ಳುತ್ತದೆ.
ನಮಗೂ ಹೆಚ್ಚುಕಮ್ಮಿ ಅಷ್ಟೇ:
ಕೊಟ್ಟರೂ ಕಡ, ತಂದರೂ ಕಡ.

ಬೋರ್ಡಿನ ಮೇಲೆ ಬಾಣ ಬರೆದೆ:
ಎದೆಗೆ ಬರುವುದೊಂದು, ಎದೆಯಿಂದ ಹೊರಡುವುದೊಂದು.
"ಯಾರ ಎದೆ?" ಎಂದ ಕೆಸ್ತುತಿಸ್,
ಫೋರ್ಕ್‌ಲಿಫ್ಟ್ ಓಡಿಸುವವನು, ಲಿಥುವೇನಿಯಾದವನು.
ಬಾಣ ಅಳಿಸಿದೆ.

ಕೊನೆಗೆ ಬಚ್ಚಿಟ್ಟುಕೊಂಡಿದ್ದ ಉಪಾಯ ತೆಗೆದೆ:
"ಕೈ ಚಾಚಿ. ಬೆರಳು ಮಡಚಿ. ಹತ್ತಿರ ಕರೆಯಿರಿ.
ಹೀಗೆ ಕರೆದಾಗ ಬರುವುದೆಲ್ಲ ಬಾರೋ."
ಹನ್ನೆರಡೂ ಜನ ಕೈ ಬೀಸಿದರು
ಛತ್ರಿಗೆ, ಸೈಕಲ್ಲಿಗೆ, ಶುಕ್ರವಾರದವರೆಗೆ ಇಪ್ಪತ್ತು ಪೌಂಡಿಗೆ:
ಬಾರೋ! ಬಾರೋ! ಬಾರೋ!
ಅವರಿಗದು ಇಂಗ್ಲಿಷು.
ನನಗೆ, ಕತ್ತಲಾದರೂ ಆಟ ಬಿಟ್ಟು ಬರಲೊಲ್ಲದವನನ್ನು
ಮೆಟ್ಟಿಲಲ್ಲಿ ನಿಂತು ಕರೆಯುತ್ತಿದ್ದ ದನಿ.
ಹೇಳಲಿಲ್ಲ.
ಉಚ್ಚಾರ ಮಾತ್ರ ತಿದ್ದಿದೆ,
ಅದೂ ತಿದ್ದಿದ ಹಾಗೆ ಮಾಡಿದೆ.

ಇತ್ತ ಏಣಿ ಅವಳ ಗೋಡೆಗೇ ಒರಗಿತ್ತು
ಒಂದು ವಾರ. ಮೂರು ವಾರ.
ಪಾಸ್ಕನ ಮೊಣಕಾಲು ಏಣಿ ಮರೆತು ನಾಲ್ಕು ವರ್ಷ;
ಅವನ ಸೂರಿನ ದೋಣಿಯಲ್ಲಿ ಪಾಚಿ, ಕೊಳೆತೆಲೆ,
ಯಾರದೋ ಒಂದು ಟೆನಿಸ್ ಚೆಂಡು.
ಭಾನುವಾರ ಅವಳು ಹತ್ತಿದಳು.
ಮೊದಲು ತನ್ನ ಸೂರು. ಆಮೇಲೆ, ಕೇಳದೆಯೇ, ಅವನದು.
ಏಣಿಯ ಕಾಲು ಹಿಡಿದು ಕೆಳಗೆ ನಿಂತ ಮುದುಕ
ಬೈಯುತ್ತಲೇ ಇದ್ದನಂತೆ, ಶುದ್ಧ ವ್ಯಾಕರಣದಲ್ಲಿ.
ಏಣಿ ಅಡ್ಡಾಡಲೆಂದು ಬೇಲಿಯ ಹಲಗೆಯೊಂದನ್ನು ಕಿತ್ತರು.
ಈಗದು ಮಲಗುವುದು ಆ ಸಂದಿನಲ್ಲೇ:
ಎರಡು ಮೆಟ್ಟಿಲು ಅತ್ತ, ಒಂಬತ್ತು ಇತ್ತ.

ಡಿಸೆಂಬರಿನ ಪರೀಕ್ಷೆ. ಬಿಟ್ಟ ಸ್ಥಳ ತುಂಬಿರಿ.
ನಾಲ್ಕನೆಯದು, ಪಕ್ಕದ ಮನೆಯವರ ಏಣಿಯದು.
(ಅವಳಿಗೆಂದೇ ಇಟ್ಟಿದ್ದೆ, ಸುಲಭವಾಗಲೆಂದು.)
ಲೆಂಡ್ ಎಂದು ಬರೆದು ಹೊಡೆದುಹಾಕಿದ್ದಳು.
ಬಾರೋ ಎಂದು ಬರೆದು ಹೊಡೆದುಹಾಕಿದ್ದಳು.
ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣಕ್ಷರ:
"ಏಣಿ ಅವರದು, ಕಾಲು ನನ್ನದು.
ಇದಕ್ಕೆ ಯಾವ ಪದ, ಸರ್?"

ಗೊತ್ತಿದ್ದರೆ ಹೇಳುತ್ತಿದ್ದೆ.
ಅರ್ಧ ಅಂಕ ಕೊಟ್ಟೆ.
ಉಳಿದರ್ಧ ನನ್ನ ತಲೆಯ ಮೇಲಿದೆ,
ಕಡ.