ಹುಣ್ಣಿಲ್ಲದ ಅಂಗೈ

ಫಾರ್ಮಿನಲ್ಲಿ ಎರಡು ಕಾಲಂ.
ಎಡಕ್ಕೆ ಶರೀರ, ಬಲಕ್ಕೆ ಮನಸ್ಸು,
ನಡುವೆ ಸ್ಕೇಲು ಹಿಡಿದು ಎಳೆದ ಗೆರೆ.
ಧಾರವಾಡದ ಮನೋರೋಗ ಆಸ್ಪತ್ರೆಯಲ್ಲಿ
ನನ್ನ ಕೆಲಸ ಇಷ್ಟೇ:
ಬಂದವರನ್ನು ಕೂರಿಸಿ, ಹೆಸರು ಊರು ಕೇಳಿ,
ಡಾಕ್ಟರು ನೋಡುವ ಮೊದಲು
ಅವರನ್ನು ಎರಡಾಗಿ ಬರೆದಿಡುವುದು.

ಫಕ್ಕೀರವ್ವ ಗುಡಗೂರ. ಐವತ್ತೊಂದು, ಅಂದಾಜು.
ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸ,
ಮೂವತ್ತು ವರ್ಷ, ಕಿಲೋ ಲೆಕ್ಕದ ಕೂಲಿ.
"ಅಂಗೈ ಉರಿತಾವ್ರಿ ಅಕ್ಕಾರ."
ಕೆಲಸ ಬಿಟ್ಟೇ ಎರಡು ವರ್ಷ ಆಯಿತಂತೆ.
"ಹಗಲೆಲ್ಲ ಸುಮ್ನಿರ್ತಾವ. ದೀಪ ಆರಿಸಿದ ಮ್ಯಾಲೆ ಶುರು.
ಕೊಬ್ರಿ ಎಣ್ಣಿ ಹಚ್ಚೇನಿ, ಬೆಲ್ಲ ತಿಕ್ಕೇನಿ,
ಮಜ್ಜಿಗ್ಯಾಗ ಕೈ ಅದ್ದಿ ಕುಂತೇನಿ
ಗಡಿಯಾರ ನಾಕು ಹೊಡಿಯೂತನಕ."

ಹುಬ್ಬಳ್ಳಿಯಲ್ಲಿ ನರದ ಟೆಸ್ಟು, ಸಕ್ಕರೆ ಟೆಸ್ಟು.
ಚೀಟಿಗಳ ಮೇಲೆಲ್ಲ ಒಂದೇ ಮಾತು: ನಾರ್ಮಲ್.
ಅಂದರೆ ಎಡದ ಕಾಲಂ ಖಾಲಿ.
ಮಗನ ವಯಸ್ಸಿನ ಡಾಕ್ಟರೊಬ್ಬ ನಕ್ಕು ಅಂದನಂತೆ,
"ನಿಮ್ಮೂರ ಕಾಯಾಗ ಬಣ್ಣ ಅಷ್ಟ ಐತಿ, ಖಾರ ಎಲ್ಲೈತಿ ಯವ್ವಾ?"
"ಬಣ್ಣ ಸಿಪ್ಪಿಗ್ರಿ," ಅಂದಳು ನನಗೆ,
"ಖಾರ ಒಳಗ, ಬೀಜದ ಹಂತೇಲಿ ಇರತೈತಿ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಹುಣ್ಣೇ ಇಲ್ಲದ ಅಂಗೈಗೆ?
ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನುಣ್ಣಗೆ, ಒಣಗಿ,
ರೇಖೆಗಳೆಲ್ಲ ಸವೆದಿದ್ದವು.
ಒಪ್ಪಿಗೆಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿದರೆ
ಬರೀ ನೀಲಿ ಮಚ್ಚೆ ಬಿತ್ತು; ಸುರುಳಿ ಮೂಡಲಿಲ್ಲ.
"ರೇಷನ್ ಅಂಗಡ್ಯಾಗೂ ಹಿಂಗ. ಮಿಷನ್ ನನ್ನ ಒಲ್ಲೆ ಅಂತೈತಿ."

ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ. ಪರೀಕ್ಷೆಯಲ್ಲಿ ಬರೆದಿದ್ದೆ,
ಹತ್ತು ಅಂಕಕ್ಕೆ.
ಆದರೆ ನಮ್ಮವ್ವ ಓರಗಿತ್ತಿಯನ್ನು ಬೈಯುತ್ತ ಹೊಟ್ಟಿಕಿಚ್ಚು ಅಂದಾಗ
ನಾವು ಹೊಟ್ಟೆಯ ಡಾಕ್ಟರನ್ನು ಹುಡುಕಿದೆವೇ?
ಕಳ್ಳು ಚುರ್ ಅಂದದ್ದನ್ನು ಸ್ಕ್ಯಾನಿಂಗಿಗೆ ಕಳಿಸಿದೆವೇ?
ಹೆಸರು ಬರೆಯದೆ ಮುಂದಿನ ಪ್ರಶ್ನೆಗೆ ಬಂದೆ:
ಯಾವಾಗಿನಿಂದ?

ಯೋಚಿಸಿದಳು. ಹೊರಗೆ ಯಾರದೋ ಟೋಕನ್ ಕೂಗಿದರು.
"ಮಗಳು ಬಾಣಂತನಕ್ಕ ಬಂದಾಗಿಂದ್ರಿ."

ಆಮೇಲಿನದು ಕಾಲಂಗೆ ಹಿಡಿಸುವ ಮಾತಲ್ಲ.
ಇದೇ ಮಗಳು ಕೂಸಾಗಿದ್ದಾಗ
ತುಂಬು ಬಿಡಿಸಿ ಬಂದ ಕೈ ಏಳು ಸಲ ತೊಳೆದರೂ
ತಾಗಿದರೆ ಕಿಟಾರನೆ ಕಿರುಚುತ್ತಿತ್ತು.
ಒಮ್ಮೆ ಕಣ್ಣಿಗೇ ತಾಗಿ, ರಾತ್ರಿಯೆಲ್ಲ.
ಆವತ್ತಿನಿಂದ ಮೊಲೆಗೆ ಹಚ್ಚುವಾಗಲೂ
ಮೊಣಕೈಯಲ್ಲೇ ಎತ್ತಿ, ಹಿಂಗೈಯಲ್ಲೇ ತಟ್ಟಿ,
ಸೆರಗಿನ ತುದಿಯಿಂದ ಗಲ್ಲ ಒರೆಸಿ
ಬೆಳೆಸಿದಳು.
ಈಗ ಕೈ ಸ್ವಚ್ಛ. ಮೊಮ್ಮಗ ತೊಟ್ಟಿಲಲ್ಲಿ.
"ರಾತ್ರಿ ಅಳತೈತ್ರಿ. ಎತಗೋ ಯವ್ವಾ ಅಂತಾಳ.
ಕೈ ಮುಂದ ಹೊಕ್ಕಾವ. ಮುಟ್ಟಬೇಕನ್ನೂದರಾಗ
ಬೆಂಕಿ ಹತ್ತಿದಂಗ ಆಗತೈತಿ.
ಎಷ್ಟ ತೊಳದೇನಿ ಕೇಳಬ್ಯಾಡ್ರಿ."

ಹೇಗೆ ಎತ್ತುತ್ತೀರಿ, ತೋರಿಸಿ ಅಂತ
ಮೇಜಿನ ಮೇಲಿನ ಹಾಜರಿ ಪುಸ್ತಕ ಚಾಚಿದೆ.
ಎರಡೂ ಅಂಗೈ ಹೊರಕ್ಕೆ ತಿರುಗಿಸಿ
ಮುಂಗೈಗಳ ನಡುವೆ ಅದನ್ನು ತೆಗೆದುಕೊಂಡು
ಒಂದು ಸಲ ತೂಗಿದಳು, ತನಗೇ ಗೊತ್ತಿಲ್ಲದೆ.

ನಾನು ಬರೆದದ್ದು ಗೆರೆಯ ಮೇಲೇ ಬಿತ್ತು.
ಅರ್ಧ ಅಕ್ಷರ ಆಚೆ, ಅರ್ಧ ಈಚೆ.
ಡಾಕ್ಟರು ಬೈಯಬಹುದು.

ಏಳುವಾಗ ನನ್ನ ಮುಖ ನೋಡಿ ನಿಂತಳು.
ಕೇಳದೆಯೇ ಹಿಂಗೈಯನ್ನು ನನ್ನ ಕೊರಳಿಗಿಟ್ಟಳು.
ತಣ್ಣಗಿತ್ತು.
"ಜ್ವರ ಇಲ್ಲ. ಮತ್ಯಾಕ ಹಿಂಗ ಸೊರಗೀರಿ?
ಉಂಡೀರೇನ ನೀವು?"

ಮೂರು ದಿನದಿಂದ ಅನ್ನ ಸೇರುತ್ತಿರಲಿಲ್ಲ.
ಹೊಟ್ಟೆನೋವು, ಅಂದೆ.